ಬ್ರಾಡ್‌ಫರ್ಡ್ ಮಕ್ಕಳೂ ನಮ್ಮ ಮಕ್ಕಳೂ: ಹೋಲಿಸುವ ಮೊದಲು

ಇಂಗ್ಲೆಂಡಿನ ಲೀಡ್ಸ್ ಕಡೆ ಹೊಸದಾಗಿ ಬರುವ ಕನ್ನಡದ ಕುಟುಂಬಗಳು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: "ಬ್ರಾಡ್‌ಫರ್ಡ್ ಕಡೆ ಮನೆ ಅಗ್ಗ ಅಂತಾರೆ, ಆದರೆ ಅಲ್ಲಿ ಮಕ್ಕಳನ್ನ ಬೆಳೆಸಬಹುದಾ?" ಶಾಲೆ, ಬಸ್ಸು, ಬಾಡಿಗೆ ವಿಚಾರಕ್ಕೆ ಉತ್ತರ ಕೊಡುವವರು ಕೊಡುತ್ತಾರೆ. ಅದರ ಹಿಂದೆಯೇ ಯಾರಾದರೂ ಒಬ್ಬರು ಸೇರಿಸುತ್ತಾರೆ, "ಅಲ್ಲೆಲ್ಲ ಪಾಕಿಸ್ತಾನಿಗಳು ಜಾಸ್ತಿ. ಅವರು ಮಕ್ಕಳನ್ನ ಓದಿಸಲ್ಲ, ನಾವು ಓದಿಸ್ತೀವಿ, ಅದಕ್ಕೇ ಅವರು ಹಾಗೆ, ನಾವು ಹೀಗೆ." ಈ ಮಾತು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳ ಕಿವಿಗೆ ಬಿದ್ದರೆ ಅವರಿಗೇ ಕೆಡುಕು ಮಾಡುವ ಮಾತು ಇದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅಂತರ ಇರುವುದು ನಿಜ, ಅದನ್ನು ಮುಚ್ಚಿಡುವುದು ಬೇಡ. 2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾರತೀಯ ಮೂಲದವರು ಸುಮಾರು 18.6 ಲಕ್ಷ, ಪಾಕಿಸ್ತಾನಿ ಮೂಲದವರು ಸುಮಾರು 15.9 ಲಕ್ಷ. ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಜೋಡಿ ಸಮುದಾಯಗಳು. ಆದರೆ 2018ರ ಸರ್ಕಾರಿ ಅಂಕಿಅಂಶದಲ್ಲಿ ಗಂಟೆಯ ಮಧ್ಯಮ ಸಂಬಳ ಭಾರತೀಯರದು 13.47 ಪೌಂಡ್, ಬಿಳಿಯ ಬ್ರಿಟಿಷರದು 12.03, ಪಾಕಿಸ್ತಾನಿಯರದು ಬರೀ 10. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇದ್ದದ್ದು ಭಾರತೀಯ ಕುಟುಂಬಗಳಲ್ಲಿ ನೂರಕ್ಕೆ 74, ಪಾಕಿಸ್ತಾನಿ ಕುಟುಂಬಗಳಲ್ಲಿ 58. ಮನೆಯ ಖರ್ಚು ಕಳೆದು ಲೆಕ್ಕ ಹಾಕಿದರೆ ಪಾಕಿಸ್ತಾನಿ ಮೂಲದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಬಡತನದಲ್ಲಿದ್ದಾರೆ. ಒಂದೇ ಉಪಖಂಡ, ಒಂದೇ ಬಣ್ಣ, ಊಟವೂ ಅಷ್ಟೇನೂ ಬೇರೆಯಲ್ಲ. ಹಾಗಾದರೆ ಇಷ್ಟು ಅಂತರ ಎಲ್ಲಿಂದ ಬಂತು?

ಕಥೆ ಝೇಲಂ ನದಿಯಿಂದ ಶುರುವಾಗುತ್ತದೆ. ಬ್ರಾಡ್‌ಫರ್ಡ್‌ನ ಪಾಕಿಸ್ತಾನಿ ಮನೆತನಗಳಲ್ಲಿ ಬಹುಪಾಲು ಮೀರ್‌ಪುರದವು. ಅದು ಲಾಹೋರ್ ಅಲ್ಲ, ಕರಾಚಿಯೂ ಅಲ್ಲ, ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಗುಡ್ಡಗಾಡು ಜಿಲ್ಲೆ. 1960ರ ದಶಕದಲ್ಲಿ ಅಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದರು, 1967ರಲ್ಲಿ ಮುಗಿಯಿತು. ಹಳೇ ಮೀರ್‌ಪುರ ಪಟ್ಟಣವೂ ಇನ್ನೂರಕ್ಕೂ ಹೆಚ್ಚು ಹಳ್ಳಿಗಳೂ ನೀರಿನಡಿ ಹೋದವು, ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಪಡೆದು ಬಂದರು. ಅದಕ್ಕೂ ಮೊದಲೇ ಇಲ್ಲಿ ನೆಲೆಸಿದ್ದ ಅಣ್ಣತಮ್ಮಂದಿರು, ಮಾವಂದಿರು ದಾರಿ ತೋರಿಸಿದರು.

ಶಿವಮೊಗ್ಗ, ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದಶಕದಲ್ಲಿ ಲಿಂಗನಮಕ್ಕಿಗಾಗಿ ಶರಾವತಿ ಕಣಿವೆ ಖಾಲಿಯಾಯಿತು. ಬಾಗಲಕೋಟೆಯವರಿಗೆ ಆಲಮಟ್ಟಿ ಇದೆ. ಮುಳುಗಡೆ ಸಂತ್ರಸ್ತರು ಹೊಸ ಜಾಗದಲ್ಲಿ ಬೇರು ಬಿಡಲು ಎಷ್ಟು ತಲೆಮಾರು ಹಿಡಿಯಿತು, ಜಮೀನಿನ ಹಕ್ಕುಪತ್ರಕ್ಕಾಗಿ ಎಷ್ಟು ಕಚೇರಿ ಅಲೆದರು ಎಂದು ನಾವೆಲ್ಲ ಕೇಳುತ್ತಲೇ ಬೆಳೆದವರು. ಅವರನ್ನು ಬೆಂಗಳೂರಿನ ಇಂಜಿನಿಯರ್ ಮನೆತನಕ್ಕೆ ಹೋಲಿಸಿ "ಇವರೇಕೆ ಮುಂದೆ ಬರಲಿಲ್ಲ" ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮೀರ್‌ಪುರದವರ ವಿಷಯದಲ್ಲಿ ಮಾತ್ರ ಕೇಳುತ್ತೇವೆ.

ಇಲ್ಲಿ ಬಂದವರಿಗೆ ಸಿಕ್ಕಿದ್ದು ಉಣ್ಣೆ ಮಿಲ್ಲಿನ ರಾತ್ರಿ ಪಾಳಿ. ಆಗ ಮಿಲ್ ಮಾಲೀಕರು ದುಬಾರಿ ಯಂತ್ರಗಳನ್ನು ತಂದಿದ್ದರು. ಹಾಕಿದ ದುಡ್ಡು ಹುಟ್ಟಬೇಕಾದರೆ ಯಂತ್ರ ಹಗಲೂ ರಾತ್ರಿ ಓಡಬೇಕು. ರಾತ್ರಿ ಪಾಳಿಗೆ ಹೆಂಗಸರನ್ನು ಹಾಕಲು ಕಾನೂನು ಬಿಡುತ್ತಿರಲಿಲ್ಲ, ಊರಿನ ಗಂಡಸರು ಆ ಕೂಲಿಗೆ ಬರುತ್ತಿರಲಿಲ್ಲ. ಆ ಜಾಗ ತುಂಬಿದವರು ಇವರು. ನಮ್ಮ ಪಕ್ಕದ ಬೀದಿಯಲ್ಲಿ ಅಂಥ ಹಿರಿಯರೊಬ್ಬರಿದ್ದಾರೆ. ಮಗ್ಗದ ಸದ್ದಿಗೆ ಎರಡೂ ಕಿವಿ ಮಂದ. ನಾವು ಮಾತಾಡುವಾಗ ನಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ, ಮಿಲ್ಲಿನಲ್ಲಿ ಕಲಿತ ಅಭ್ಯಾಸ ಅದು. ಮೊದಲ ವರ್ಷಗಳಲ್ಲಿ ಒಂದು ಹಾಸಿಗೆಗೆ ಇಬ್ಬರು ಬಾಡಿಗೆ ಕೊಡುತ್ತಿದ್ದರಂತೆ. ಹಗಲು ಪಾಳಿಯವನು ಎದ್ದು ಹೋದ ಮೇಲೆ ರಾತ್ರಿ ಪಾಳಿಯವನು ಬಂದು ಅದರಲ್ಲೇ ಮಲಗುವುದು. ಚಳಿಗಾಲದಲ್ಲಿ ಅದರಿಂದ ಒಂದು ಉಪಕಾರವೂ ಇತ್ತು, ಹಾಸಿಗೆ ಬೆಚ್ಚಗಿರುತ್ತಿತ್ತು ಎಂದು ಹೇಳುತ್ತಾರೆ. ಇಂಗ್ಲಿಷ್ ಕಲಿಯಲು ಅವರಿಗೆ ಸಿಕ್ಕ ಸಮಯ ಎಷ್ಟಿರಬಹುದು, ಲೆಕ್ಕ ಹಾಕಿ. ಸುತ್ತ ಊರಿನವರೇ ಇದ್ದ ರಾತ್ರಿ ಪಾಳಿಯಲ್ಲಿ ಇಂಗ್ಲಿಷಿನ ಅಗತ್ಯವೂ ಬೀಳುತ್ತಿರಲಿಲ್ಲ.

ಆಮೇಲೆ ಮಿಲ್ಲುಗಳೇ ಮುಚ್ಚಿದವು. 1970ರ ದಶಕದ ಕೊನೆಯಿಂದ ಒಂದೊಂದಾಗಿ ಹೋದವು. ಒಂದು ಕಾಲಕ್ಕೆ ರೇಷ್ಮೆ, ವೆಲ್ವೆಟ್ಟಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಮ್ಯಾನಿಂಗ್‌ಹ್ಯಾಮ್‌ನ ಲಿಸ್ಟರ್ ಮಿಲ್ ಕೂಡ ನಿಂತಿತು, ಈಗ ಅಲ್ಲಿ ಫ್ಲ್ಯಾಟ್‌ಗಳಿವೆ. ನಲವತ್ತು ದಾಟಿದ, ಭಾಷೆ ಸರಿಯಾಗಿ ಬರದ, ಒಂದೇ ಕಸುಬು ಗೊತ್ತಿದ್ದ ಗಂಡಸರು ಒಟ್ಟಿಗೆ ಬೀದಿಗೆ ಬಿದ್ದರು. ಕೆಲವರು ಟ್ಯಾಕ್ಸಿ ಹಿಡಿದರು, ಕೆಲವರು ಅಂಗಡಿ, ಟೇಕ್‌ಅವೇ ಹಾಕಿದರು. ಎಷ್ಟೋ ಮಂದಿಗೆ ಮತ್ತೆ ಕಾಯಂ ಕೆಲಸ ಸಿಗಲೇ ಇಲ್ಲ. ಇಡೀ ಊರಿನ ಆದಾಯವೇ ಕುಸಿದಾಗ ಮಕ್ಕಳ ಓದಿನ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಧರ್ಮ, ದೇಶ ನೋಡಬೇಕಾಗಿಲ್ಲ. ಅದೇ ಊರಿನ ಬಡ ಬಿಳಿಯರ ಕೇರಿಗಳನ್ನು ನೋಡಿದರೂ ಗೊತ್ತಾಗುತ್ತದೆ.

ಈಗ ಭಾರತೀಯರ ಕಡೆ ಬನ್ನಿ. ಸೌತಾಲ್‌ನ ರಬ್ಬರ್ ಫ್ಯಾಕ್ಟರಿಗೆ, ಸ್ಮೆಥಿಕ್‌ನ ಎರಕದ ಕಾರ್ಖಾನೆಗಳಿಗೆ ಬಂದ ಪಂಜಾಬಿಗಳೂ ಹಳ್ಳಿಯವರೇ, ಅವರದೂ ಕೂಲಿ ಕೆಲಸವೇ. ಆದರೆ ಸೌತಾಲ್ ಪಕ್ಕದಲ್ಲಿ ಹೀಥ್ರೂ ವಿಮಾನ ನಿಲ್ದಾಣ ಬೆಳೆಯುತ್ತಿತ್ತು, ಲಂಡನ್ ಬೆಳೆಯುತ್ತಿತ್ತು. ಫ್ಯಾಕ್ಟರಿ ಮುಚ್ಚಿದರೆ ಇನ್ನೊಂದು ಕಡೆ ಕೆಲಸ ಇತ್ತು, ಹೆಂಗಸರಿಗೂ ಇತ್ತು. ಹಣೆಬರಹಕ್ಕಿಂತ ಹೆಚ್ಚಾಗಿ ಇದು ಊರಿನ ಬರಹ. ಅದೇ ಪಂಜಾಬಿ ಕುಟುಂಬ ಬ್ರಾಡ್‌ಫರ್ಡ್‌ನ ಮಿಲ್ಲಿಗೆ ಬಂದಿದ್ದರೆ, ಮೀರ್‌ಪುರದ ಕುಟುಂಬ ಹೀಥ್ರೂ ಪಕ್ಕ ಇಳಿದಿದ್ದರೆ, ಮೇಲಿನ ಅಂಕಿಗಳು ಹೀಗೇ ಇರುತ್ತಿದ್ದವು ಎಂದು ನಾನು ನಂಬುವುದಿಲ್ಲ.

ಪೂರ್ವ ಆಫ್ರಿಕಾದಿಂದ ಬಂದವರದು ಮತ್ತೊಂದು ದಾರಿ. 1972ರ ಆಗಸ್ಟ್‌ನಲ್ಲಿ ಸರ್ವಾಧಿಕಾರಿ ಈದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟ. 27 ಸಾವಿರಕ್ಕೂ ಹೆಚ್ಚು ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ "ನಮ್ಮ ಊರಿಗೆ ಬರಬೇಡಿ" ಎಂಬ ಅರ್ಥದ ಜಾಹೀರಾತನ್ನು ಉಗಾಂಡಾದ ಪತ್ರಿಕೆಯಲ್ಲೇ ಹಾಕಿಸಿತ್ತು, ಆದರೂ ಬಂದರು. ಆಸ್ತಿಯೆಲ್ಲ ಅಲ್ಲೇ ಬಿಟ್ಟು ಬಂದವರು ನಿಜ, ಅವರ ನೋವು ಸಣ್ಣದಲ್ಲ. ಆದರೆ ತಲೆಯಲ್ಲಿದ್ದ ವ್ಯಾಪಾರ, ಲೆಕ್ಕಪತ್ರ, ಇಂಗ್ಲಿಷನ್ನು ಕಸ್ಟಮ್ಸ್‌ನವರು ಕಿತ್ತುಕೊಳ್ಳಲು ಆಗಲಿಲ್ಲ. ಇಡೀ ಕುಟುಂಬ ಒಟ್ಟಿಗೆ ಬಂದಿತ್ತು, ವಾಪಸ್ ಹೋಗುವ ಊರೇ ಇರಲಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಇಲ್ಲಿ ಬೇರೂರುವ ಯೋಚನೆ. ಮಿಲ್ಲಿನ ಗಂಡಸರಾದರೆ ವರ್ಷಗಟ್ಟಲೆ ದುಡಿದು ಊರಿಗೆ ದುಡ್ಡು ಕಳಿಸಿದರು, ಒಂದು ದಿನ ವಾಪಸ್ ಹೋಗುತ್ತೇವೆ ಎಂದೇ ನಂಬಿದ್ದರು.

ಕೊನೆಗೆ ನಾವು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಬಂದ ಡಾಕ್ಟರುಗಳು, ಮಂಗಳೂರು ಕಡೆಯ ನರ್ಸುಗಳು, ಆಮೇಲೆ ಐಟಿಯವರು. ನಮ್ಮಲ್ಲಿ ಯಾರನ್ನೂ ಮಿಲ್ ಮಾಲೀಕ ಹುಡುಕಿಕೊಂಡು ಬರಲಿಲ್ಲ. ಡಿಗ್ರಿ, ಇಂಗ್ಲಿಷ್ ಪರೀಕ್ಷೆ, ಸಂಬಳದ ಮಿತಿ ಎಲ್ಲ ಜರಡಿ ಹಿಡಿದ ಮೇಲೆ ಉಳಿದವರು ನಾವು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಮಿತಿ 2024ರ ಏಪ್ರಿಲ್‌ನಲ್ಲಿ ವರ್ಷಕ್ಕೆ 38,700 ಪೌಂಡ್ ಆಯಿತು, 2025ರ ಜುಲೈನಲ್ಲಿ 41,700ಕ್ಕೆ ಏರಿತು. ಇಷ್ಟು ಸಂಬಳ ಇದ್ದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಗೇಟಿನಲ್ಲೇ ಆರಿಸಿದ ಮೇಲೆ, "ನೋಡಿ, ನಮ್ಮವರ ಸರಾಸರಿ ಸಂಬಳ ಎಷ್ಟು ಚೆನ್ನಾಗಿದೆ" ಎಂದು ಹೆಮ್ಮೆ ಪಡುವುದರಲ್ಲಿ ಏನರ್ಥ? ನಮ್ಮೂರಿನಲ್ಲಿ ನಮ್ಮ ಜೊತೆ ಓದಿ ಎಸ್ಸೆಸ್ಸೆಲ್ಸಿಗೇ ನಿಂತವರು ಈ ಸರಾಸರಿಯಲ್ಲಿ ಇಲ್ಲ. ಮೀರ್‌ಪುರದಲ್ಲಿ ಅಂಥವರೇ ಇಲ್ಲಿಗೆ ಬಂದರು.

ಇನ್ನೂ ಒಂದು ಜೋಡಿ ನೋಡಿ. 2020ರ ಫೆಬ್ರವರಿ 13ರಂದು ಸಾಜಿದ್ ಜಾವಿದ್ ಬ್ರಿಟನ್ನಿನ ಹಣಕಾಸು ಮಂತ್ರಿ ಸ್ಥಾನ ಬಿಟ್ಟರು, ಅದೇ ದಿನ ರಿಷಿ ಸುನಕ್ ಬಂದು ಕೂತರು. ಜಾವಿದ್ ತಂದೆ ಪಾಕಿಸ್ತಾನದಿಂದ ಬಂದು ರಾಚ್‌ಡೇಲ್‌ನ ಹತ್ತಿ ಮಿಲ್ಲಿನಲ್ಲಿ ದುಡಿದು ಆಮೇಲೆ ಬಸ್ ಡ್ರೈವರ್ ಆದವರು. ಸುನಕ್ ಅವರ ತಂದೆ ಡಾಕ್ಟರ್, ತಾಯಿ ಫಾರ್ಮಸಿ ನಡೆಸಿದವರು, ಇಬ್ಬರೂ ಪೂರ್ವ ಆಫ್ರಿಕಾದಲ್ಲಿ ಹುಟ್ಟಿದವರು. ಹೆಂಡತಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ. ನಮ್ಮ ಗುಂಪಿನಲ್ಲಿ ಸುನಕ್ ಬಗ್ಗೆ ಎಷ್ಟು ಮಾತಾಡಿದೆವು! ಆದರೆ ಆ ಕುರ್ಚಿಗೆ ಹೆಚ್ಚು ದೂರದಿಂದ ನಡೆದು ಬಂದವರು ಯಾರು ಎಂದು ಕೇಳಿದರೆ ನನ್ನ ಉತ್ತರ ಜಾವಿದ್.

ಹಾಗಂತ ಎಲ್ಲವನ್ನೂ ಮಿಲ್ಲು, ಅಣೆಕಟ್ಟಿನ ತಲೆಗೆ ಕಟ್ಟುವುದಿಲ್ಲ. ಪಾಕಿಸ್ತಾನಿ ಮೂಲದ ಹೆಂಗಸರಲ್ಲಿ ಹೊರಗೆ ದುಡಿಯುವವರು ಅರ್ಧದ ಆಸುಪಾಸು, ಭಾರತೀಯ ಹೆಂಗಸರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮನೆಗೆ ಎರಡು ಸಂಬಳ ಬರುವುದಕ್ಕೂ ಒಂದೇ ಬರುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತೇ ಇದೆ. ಅದಕ್ಕೆ ಊರಿನಲ್ಲಿ ಕೆಲಸ ಇಲ್ಲದಿರುವುದು ಒಂದು ಕಾರಣವಾದರೆ ಮನೆಯೊಳಗಿನ ಕಟ್ಟುಪಾಡು ಇನ್ನೊಂದು. ತಲೆಮಾರು ತಲೆಮಾರಿಗೂ ಊರಿನಿಂದಲೇ ಸಂಬಂಧ ತರುವ ರೂಢಿಯಿಂದ ಪ್ರತಿ ಮನೆಯಲ್ಲೂ ಒಬ್ಬರು ಭಾಷೆಯನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಇದನ್ನೆಲ್ಲ ಅಲ್ಲಿನ ಹೆಣ್ಣುಮಕ್ಕಳೇ ನಮಗಿಂತ ಗಟ್ಟಿಯಾಗಿ ಹೇಳುತ್ತಿದ್ದಾರೆ, ಬದಲಾಯಿಸುತ್ತಲೂ ಇದ್ದಾರೆ. ಕಿವಿ ಮಂದವಾದ ಆ ಹಿರಿಯರ ಮೊಮ್ಮಗಳು ಫಾರ್ಮಸಿ ಓದುತ್ತಿದ್ದಾಳೆ, ಶನಿವಾರ ಅಂಗಡಿಯಲ್ಲಿ ಕೆಲಸ, ಸಂಜೆ ಅಜ್ಜನ ಮಾತ್ರೆ ಡಬ್ಬಿ ತುಂಬುವುದು ಅವಳದೇ ಕೆಲಸ. "ಅವರು ಓದಿಸಲ್ಲ" ಎನ್ನುವವರಿಗೆ ಇದೂ ಗೊತ್ತಿರಲಿ: ಪಾಕಿಸ್ತಾನಿ ಮೂಲದ ಮಕ್ಕಳು ಯೂನಿವರ್ಸಿಟಿಗೆ ಹೋಗುವ ಪ್ರಮಾಣ ಇಂದು ಬಿಳಿಯ ಬ್ರಿಟಿಷ್ ಮಕ್ಕಳದಕ್ಕಿಂತ ಹೆಚ್ಚು.

ಓದಿದ ಮೇಲೂ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. 2009ರಲ್ಲಿ ಇಲ್ಲಿನ ಸರ್ಕಾರಕ್ಕಾಗಿ ನಡೆಸಿದ ಒಂದು ಪ್ರಯೋಗದಲ್ಲಿ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ಬಿಳಿಯರ ಹೆಸರಿದ್ದರೆ 9 ಅರ್ಜಿಗೆ ಒಂದು ಒಳ್ಳೆಯ ಉತ್ತರ, ಏಷ್ಯನ್ ಅಥವಾ ಆಫ್ರಿಕನ್ ಹೆಸರಿದ್ದರೆ 16ಕ್ಕೆ ಒಂದು. ಏಷ್ಯನ್ ಅಂದರೆ ನಮ್ಮ ಮಕ್ಕಳೂ ಸೇರಿ. ಅರ್ಜಿ ನೋಡುವವರಿಗೆ ಇಮ್ರಾನ್ ಯಾರು, ಕಾರ್ತಿಕ್ ಯಾರು ಎಂಬ ವ್ಯತ್ಯಾಸ ಎಷ್ಟು ಗೊತ್ತಿರುತ್ತದೋ ನನಗೆ ಅನುಮಾನ.

ಮಕ್ಕಳ ಮಾತಿಗೆ ಬರುತ್ತೇನೆ, ಯಾಕೆಂದರೆ ಇದನ್ನೆಲ್ಲ ಬರೆದದ್ದೇ ಅದಕ್ಕೆ. ನಾವು ಜರಡಿಯಲ್ಲಿ ಉಳಿದವರು, ನಮ್ಮ ಮಕ್ಕಳು ಹಾಗಲ್ಲ. ಅವರಲ್ಲಿ ಎಲ್ಲ ಥರದವರೂ ಇರುತ್ತಾರೆ. ಒಬ್ಬಳು ಡಾಕ್ಟರ್ ಆಗಬಹುದು, ಒಬ್ಬ ಪ್ಲಂಬರ್ ಆಗಬಹುದು, ಒಬ್ಬನಿಗೆ ಗಣಿತ ತಲೆಗೆ ಹತ್ತದೇ ಇರಬಹುದು. "ನಮ್ಮವರು ಹುಟ್ಟಾ ಬುದ್ಧಿವಂತರು" ಎಂದು ಕೇಳುತ್ತಾ ಬೆಳೆದ ಮಗು ಗ್ರಾಮರ್ ಶಾಲೆಯ (ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆ) ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ತನ್ನನ್ನು ಎಲ್ಲಿ ಎಣಿಸಿಕೊಳ್ಳಬೇಕು? ಹತ್ತು ವರ್ಷದ ಮಕ್ಕಳು ಆ ಫಲಿತಾಂಶ ಬಂದ ವಾರ ಕನ್ನಡ ಕಲಿ ತರಗತಿಗೇ ಬರದೆ ಉಳಿದದ್ದನ್ನು ನಾನು ಕಂಡಿದ್ದೇನೆ. ಜೊತೆಯವರಿಗೆ ಮುಖ ತೋರಿಸಲು ನಾಚಿಕೆಯಂತೆ. ನನಗೆ ಅದು ತೀರಾ ಸಂಕಟದ ವಿಷಯ.

ಭಾರತೀಯರೊಳಗೂ ಈಗ ಎರಡು ಪದರ ಕಾಣುತ್ತಿದೆ. 2022ರ ನಂತರ ಕೇರ್ ವರ್ಕರ್ ವೀಸಾದಲ್ಲಿ ಬಂದವರಲ್ಲಿ ನಮ್ಮ ದೇಶದವರು ಬಹಳ. ಎಷ್ಟೋ ಮಂದಿ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ಬಂದು, ಹೇಳಿದಷ್ಟು ಗಂಟೆ ಕೆಲಸ ಸಿಗದೆ, ಸರ್ಕಾರದ ನೆರವು ಕೇಳುವ ಹಕ್ಕೂ ಇಲ್ಲದೆ ಒದ್ದಾಡುತ್ತಿದ್ದಾರೆ. 2025ರ ಜುಲೈನಲ್ಲಿ ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ಕರೆಸುವುದೇ ನಿಂತಿತು. ಇವರ ಮಕ್ಕಳೂ ನಮ್ಮ ಮಕ್ಕಳ ಜೊತೆಯೇ ಶಾಲೆಗೆ ಹೋಗುತ್ತಾರೆ. ಯುಗಾದಿ ಕಾರ್ಯಕ್ರಮದ ಫ್ಯಾಮಿಲಿ ಟಿಕೆಟ್ ಅವರಿಗೆ ಕೈಗೆ ಎಟಕುವಂತಿದೆಯಾ ಎಂದು ಸಮಿತಿಯವರು ಈ ಸಲ ಯೋಚಿಸಲೇಬೇಕು.

ಮನೆ ಹುಡುಕುತ್ತಿರುವವರಿಗೆ ನೇರವಾಗಿ ಹೇಳುವುದಾದರೆ, ಶಾಲೆಯ ಆಫ್‌ಸ್ಟೆಡ್ (ಸರ್ಕಾರಿ ಶಾಲಾ ತಪಾಸಣೆ) ವರದಿ ಓದಿ, ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ, ಹೆಡ್ ಟೀಚರ್ ಜೊತೆ ಮಾತಾಡಿ. ಅಲ್ಲಿ ಯಾವ ದೇಶದವರು ಎಷ್ಟಿದ್ದಾರೆ ಎಂದು ಎಣಿಸಿದರೆ ಶಾಲೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಕೋರಿಕೆ. ಎಕಲ್ಸ್‌ಹಿಲ್‌ನ ಹಳೇ ಮೂರ್‌ಸೈಡ್ ಮಿಲ್ ಕಟ್ಟಡದಲ್ಲಿ ಬ್ರಾಡ್‌ಫರ್ಡ್ ಇಂಡಸ್ಟ್ರಿಯಲ್ ಮ್ಯೂಸಿಯಂ ಇದೆ. ಪ್ರವೇಶ ಉಚಿತ, ನೂಲುವ, ನೇಯುವ ಯಂತ್ರಗಳನ್ನು ಹತ್ತಿರದಿಂದ ನೋಡಬಹುದು. ಕನ್ನಡ ಕಲಿ ಮಕ್ಕಳನ್ನು ಮುಂದಿನ ರಜೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇನೆ. ಪಕ್ಕದ ಬೀದಿಯ ಆ ಹಿರಿಯರೂ ಮೊಮ್ಮಗಳ ಜೊತೆ ಬಂದು, ರಾತ್ರಿ ಪಾಳಿ ಹೇಗಿತ್ತು ಎಂದು ಮಕ್ಕಳಿಗೆ ತಾವೇ ಹೇಳಲು ಒಪ್ಪಿದ್ದಾರೆ. ಅವರ ಮಾತನ್ನು ಕನ್ನಡಕ್ಕೆ ಹೇಳಲು ಉರ್ದು, ಪಂಜಾಬಿ ಅರ್ಥವಾಗುವವರು ಒಬ್ಬರು ಬೇಕು, ಮೀರ್‌ಪುರದ ಮಾತು ಪಂಜಾಬಿಗೆ ಹತ್ತಿರ. ಕಾರಿನಲ್ಲಿ ಜಾಗ ಇರುವವರು, ಬರಲು ಇಷ್ಟವಿರುವವರು ಮಕ್ಕಳ ವಯಸ್ಸಿನ ಸಮೇತ ತಿಳಿಸಿ.