ಟ್ಯಾಂಕನ್ನು ಈಗ ಒಣಗಿಸುವುದು ಬೇಡ

ದೊಡ್ಡಣ್ಣ, ಬೆಳಿಗ್ಗೆ 7.10

ನಾವು ನಾಲ್ವರೂ ಸೇರಿ ಕೊಂಡ ಬೈಕಿನ ಪೆಟ್ರೋಲ್ ಟ್ಯಾಂಕು ಉಬ್ಬಿದೆ. ಏರ್ ಫಿಲ್ಟರ್ ನೋಡಲೆಂದು ನಿನ್ನೆ ಸಂಜೆ ಹಿಂದಿನ ಬೋಲ್ಟ್ ಬಿಚ್ಚಿ ಟ್ಯಾಂಕನ್ನು ಎತ್ತಿದ್ದೆ. ಮತ್ತೆ ಕೂರಿಸಲು ಹೋದರೆ ಟ್ಯಾಂಕಿನ ತೂತು ಫ್ರೇಮಿನ ತೂತಿಗಿಂತ ಹಿಂದಕ್ಕೆ ಸರಿದು ನಿಂತಿದೆ, ಬೋಲ್ಟ್ ಇಳಿಯುತ್ತಿಲ್ಲ. ಬರುವ ಶುಕ್ರವಾರ ನಾನು ಇದೇ ಬೈಕಿನಲ್ಲಿ ಹೊರಡಬೇಕಾಗಿದೆ. ಆದ್ದರಿಂದ ಇಂದೇ ಪೆಟ್ರೋಲ್ ಖಾಲಿ ಮಾಡಿ, ಪಂಪ್ ಕಳಚಿ, ಟ್ಯಾಂಕನ್ನು ಗಾಳಿಗೆ ಇಟ್ಟು ಒಣಗಿಸುತ್ತೇನೆ. ಒಣಗಿದರೆ ಕುಗ್ಗುತ್ತದೆಂದು ಮೆಕ್ಯಾನಿಕ್ ಹೇಳಿದ್ದಾನೆ. ಆಗಲೂ ಸೇರದಿದ್ದರೆ ತೂತನ್ನು ಅರದಿಂದ ಉಜ್ಜಿ ಸ್ವಲ್ಪ ಉದ್ದ ಮಾಡಿದರಾಯಿತು. ಯಾರದೂ ಆಕ್ಷೇಪ ಇರಲಾರದು ಎಂದುಕೊಂಡಿದ್ದೇನೆ.

ನಾನು, 7.25

ಅಣ್ಣಾ, ನನ್ನ ಆಕ್ಷೇಪ ಇದೆ, ಬಲವಾಗಿಯೇ ಇದೆ. ದಯವಿಟ್ಟು ಪೆಟ್ರೋಲನ್ನು ಇನ್ನೂ ತೆಗೆಯಬೇಡ, ಅರವನ್ನಂತೂ ಮುಟ್ಟಲೇಬೇಡ. ವಾರಂಟಿ ಮುಗಿಯಲು ಇನ್ನು 19 ದಿನ ಉಳಿದಿದೆ. ಒಣಗಿದರೆ ಕುಗ್ಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದು ನಿಜ, ನನ್ನ ಚಿಂತೆಗೆ ಕಾರಣವೂ ಅದೇ. ಕುಗ್ಗಿದ ಟ್ಯಾಂಕನ್ನು ಸರ್ವಿಸ್ ಸೆಂಟರಿಗೆ ಒಯ್ದು ಇದು ಉಬ್ಬಿತ್ತು ಎಂದರೆ ನಂಬುವವರು ಯಾರು? ಈಗ ನಮ್ಮ ಕೈಯಲ್ಲಿರುವ ಒಂದೇ ಒಂದು ಸಾಕ್ಷಿ ಆ ಸೇರದ ತೂತು.

ದೊಡ್ಡಣ್ಣ, 7.32

ಸಾಕ್ಷಿ ಹಿಡಿದುಕೊಂಡು ಕೂರಲು ಇದೇನು ಕೋರ್ಟಿನ ವ್ಯಾಜ್ಯವೇ? ವಾರಂಟಿ ಎಂದು ಹೋದರೆ ಬೈಕು ತಿಂಗಳುಗಟ್ಟಲೆ ಅವರಲ್ಲೇ ಬಿದ್ದಿರುತ್ತದೆ. ನನಗೆ ಬೇಕಾಗಿರುವುದು ಶುಕ್ರವಾರ ಓಡುವ ಬೈಕು.

ನಾನು, 7.58

ಶುಕ್ರವಾರಕ್ಕೆ ಓಡುವ ಬೈಕು ನಿನ್ನ ದಾರಿಯಲ್ಲೂ ಸಿಗುವುದಿಲ್ಲ ಎಂಬುದನ್ನೇ ನಾನು ವಿವರಿಸಬೇಕಾಗಿದೆ, ಸ್ವಲ್ಪ ಉದ್ದವಾದರೂ ಓದು.

ನೀನು ನಿನ್ನೆ ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಟ್ಯಾಂಕಿನ ತಳದಲ್ಲಿ, ಪಂಪ್ ಕೂರುವ ಜಾಗದ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ ಪಿಎ6 ಎಂದು ಅಚ್ಚಾಗಿದೆ. ಅಂದರೆ ಇದು ನೈಲಾನ್ 6. ಪ್ಲಾಸ್ಟಿಕ್ ಟ್ಯಾಂಕುಗಳೆಲ್ಲ ಒಂದೇ ಎಂದು ನಾವು ತಿಳಿದಿದ್ದೇವೆ, ಆದರೆ ಹಾಗಲ್ಲ. ಪಾಲಿಎಥಿಲೀನ್ ನೀರನ್ನು ಹೀರುವುದೇ ಇಲ್ಲವೆನ್ನಬಹುದು, ಆದರೆ ಅದರ ಗೋಡೆಯ ಮೂಲಕ ಪೆಟ್ರೋಲಿನ ಆವಿ ಮೆಲ್ಲಗೆ ಹೊರಗೆ ನುಸುಳುತ್ತದೆ. ನೈಲಾನ್ ಆ ಆವಿಯನ್ನು ಚೆನ್ನಾಗಿ ತಡೆಯುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುತ್ತದೆ. ಆದರೆ ಅದು ನೀರನ್ನು ಹೀರುವ ವಸ್ತು. ನೀರಿನಲ್ಲಿ ಪೂರ್ತಿ ನೆನೆದ ನೈಲಾನ್ 6 ತನ್ನ ತೂಕದ ಶೇ 9ರಿಂದ 10ರಷ್ಟು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಗಾಳಿಯ ತೇವವನ್ನು ಸೆಳೆದು ತನ್ನೊಡನೆ ಇಟ್ಟುಕೊಳ್ಳುತ್ತದೆ, ಜೊತೆಗೆ ತಾನೂ ನೈಲಾನಿನ ಒಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿದುಕೊಳ್ಳುವ ಹಾಗೆಯೇ ಇದು. ಟ್ಯಾಂಕು ಮುಂದೆ ರಬ್ಬರ್ ಬುಷ್‌ಗೆ ಸಿಕ್ಕಿಕೊಂಡು ನಿಂತಿರುವುದರಿಂದ ಅದು ಬೆಳೆದಷ್ಟೂ ಹಿಂದಕ್ಕೆ ಚಾಚುತ್ತದೆ, ಬೋಲ್ಟಿನ ತೂತು ಸರಿಯುವುದು ಅದರಿಂದಲೇ.

ಬಾಗಿಲು ಬೇಸಿಗೆ ಬಂದ ದಿನವೇ ಸರಿಹೋಗುವುದಿಲ್ಲವಲ್ಲ, ಇದೂ ಐದಾರು ದಿನಗಳಲ್ಲಿ ಒಣಗುವುದಿಲ್ಲ. ಗೋಡೆಯ ದಪ್ಪದೊಳಗೆ ಇಳಿದದ್ದು ಹೊರಗೆ ಬರಲು ವಾರಗಳೇ ಬೇಕು, ಬಂದರೂ ಟ್ಯಾಂಕು ಮೊದಲಿನ ಅಳತೆಗೆ ಪೂರ್ತಿ ಮರಳುತ್ತದೆಂಬ ಖಾತ್ರಿ ಇಲ್ಲ. ನೀನು ಇಂದು ಒಣಗಲು ಇಟ್ಟರೆ ಶುಕ್ರವಾರದ ಹೊತ್ತಿಗೆ ಅದು ಅರ್ಧ ಕುಗ್ಗಿರುತ್ತದೆ. ಬೋಲ್ಟ್ ಆಗಲೂ ಸೇರುವುದಿಲ್ಲ, ದೋಷವೂ ಎದ್ದು ಕಾಣುವುದಿಲ್ಲ.

ಚಿಕ್ಕಪ್ಪ, 8.20

ನಾನು ಮೂವತ್ತು ವರ್ಷ ಬೈಕು ಓಡಿಸಿದವನು, ಟ್ಯಾಂಕು ಉಬ್ಬಿದ್ದನ್ನು ಒಮ್ಮೆಯೂ ಕಂಡಿಲ್ಲ. ಬೈಕನ್ನು ಬಹಳ ದಿನ ನಿಲ್ಲಿಸುವಾಗ ಟ್ಯಾಂಕು ತುಂಬಿಸಿ ನಿಲ್ಲಿಸಬೇಕೆಂದು ನಿಮಗೆಲ್ಲ ಹೇಳಿಕೊಟ್ಟವನೂ ನಾನೇ. ಕಳೆದ ಸಲ ಮೂರು ತಿಂಗಳು ನಿಲ್ಲಿಸಿದಾಗ ಹಾಗೆ ಮಾಡಿದಿರೋ ಇಲ್ಲವೋ?

ತಮ್ಮ, 8.26

ಮಾಡಿದೆವು ಚಿಕ್ಕಪ್ಪ. ಕುತ್ತಿಗೆಯವರೆಗೂ ತುಂಬಿಸಿಯೇ ನಿಲ್ಲಿಸಿದ್ದೆ.

ನಾನು, 8.41

ಚಿಕ್ಕಪ್ಪ, ನೀವು ಹೇಳಿಕೊಟ್ಟದ್ದು ತಪ್ಪಲ್ಲ. ನೀವು ಓಡಿಸಿದ್ದು ತಗಡಿನ ಟ್ಯಾಂಕುಗಳನ್ನು. ತಗಡಿನ ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ಗೋಡೆಯ ಮೇಲೆ ಹನಿಗಟ್ಟಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ತುಂಬಿಸಿ ನಿಲ್ಲಿಸುವುದು ಸರಿ. ನೈಲಾನಿಗೆ ತುಕ್ಕಿನ ಭಯವಿಲ್ಲ. ಎಥೆನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ಅದರ ಗೋಡೆಗೆ ತಾಗಿ ನಿಲ್ಲುವುದೇ ಅದಕ್ಕೆ ಕೆಡುಕು, ಹಾಗಾಗಿ ಅದನ್ನು ಖಾಲಿ ಮಾಡಿ ನಿಲ್ಲಿಸುವುದು ಒಳ್ಳೆಯದು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೈಕಿನ ಕೈಪಿಡಿಯಲ್ಲೂ ಬರೆದಿಲ್ಲ. ನಿಮ್ಮನ್ನಾಗಲೀ ತಮ್ಮನನ್ನಾಗಲೀ ದೂರುವ ಪ್ರಶ್ನೆಯೇ ಬರುವುದಿಲ್ಲ.

ಭಾವ, 9.05

ವಾರಂಟಿ ಪುಸ್ತಕವನ್ನು ಓದಿ ನೋಡಿದೆ. ಕೆಟ್ಟ ಇಂಧನದಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಇದೆ. ಅವರು ಮೊದಲು ಹಿಡಿಯುವುದು ಅದನ್ನೇ.

ನಾನು, 9.14

ಹಿಡಿಯಲಿ ಭಾವ, ನಮ್ಮಲ್ಲಿ ಉತ್ತರವಿದೆ. ಟ್ಯಾಂಕಿನ ಮುಚ್ಚಳದ ಒಳಬದಿಗೆ ಇ10 ಎಂಬ ಸ್ಟಿಕ್ಕರ್ ಅಂಟಿಸಿದವರು ಅವರೇ. ಶೇ 10ರಷ್ಟು ಎಥೆನಾಲ್ ಇರುವ ಪೆಟ್ರೋಲನ್ನು ಈ ಟ್ಯಾಂಕು ತಾಳುತ್ತದೆಂದು ಅವರೇ ಬರೆದುಕೊಟ್ಟ ಮೇಲೆ ಆ ಪೆಟ್ರೋಲಿನಿಂದ ಟ್ಯಾಂಕು ಸೊಟ್ಟಗಾದರೆ ಕೆಟ್ಟದ್ದು ಇಂಧನವಲ್ಲ, ಆರಿಸಿಕೊಂಡ ಪ್ಲಾಸ್ಟಿಕ್. ಇದು ನಮ್ಮ ಮನೆಯಲ್ಲಿ ಮಾತ್ರ ಕಂಡ ದೋಷವೂ ಅಲ್ಲ. ನಮ್ಮದು ಬೇರೆ ಕಂಪನಿಯ ಬೈಕು, ಆದರೂ ಹೇಳುತ್ತೇನೆ: ಅಮೆರಿಕದಲ್ಲಿ ಡುಕಾಟಿ ಬೈಕುಗಳ ಮಾಲೀಕರು ಪ್ಲಾಸ್ಟಿಕ್ ಟ್ಯಾಂಕುಗಳು ಉಬ್ಬುತ್ತಿವೆಯೆಂದು ಸಾಮೂಹಿಕ ದಾವೆ ಹೂಡಿದ್ದರು. ಅದು 2012ರಲ್ಲಿ ರಾಜಿಯಲ್ಲಿ ಮುಗಿಯಿತು, ಟ್ಯಾಂಕಿನ ಮಟ್ಟಿಗೆ ವಾರಂಟಿಯ ಅವಧಿಯನ್ನು ವಿಸ್ತರಿಸಿದರು.

ತಮ್ಮ, 9.30

ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಕಳೆದ ವರ್ಷ ದೂರದ ಪ್ರಯಾಣದಲ್ಲಿ ಒಂದು ಬಂಕಿನಲ್ಲಿ ಇ20 ಮಾತ್ರ ಇತ್ತು, ಬೇರೆ ದಾರಿಯಿಲ್ಲದೆ ಒಮ್ಮೆ ಟ್ಯಾಂಕು ತುಂಬಿಸಿದ್ದೆ. ಇದರಿಂದ ನಮ್ಮ ಕ್ಲೇಮ್ ಬಿದ್ದುಹೋಗುತ್ತದೆಯೇ?

ದೊಡ್ಡಣ್ಣ, 9.33

ನೋಡಿದಿರಾ, ಅದಕ್ಕೇ ನಾನು ಒಣಗಿಸಿ ಮುಗಿಸೋಣ ಎಂದದ್ದು. ಇದನ್ನು ಅಲ್ಲಿ ಯಾರೂ ಬಾಯಿಬಿಡಬೇಡಿ.

ಅಕ್ಕ, 9.40

ಬೈಕು ನನ್ನ ಹೆಸರಿನಲ್ಲಿದೆ, ಅರ್ಜಿಗೆ ಸಹಿ ಹಾಕಬೇಕಾದವಳು ನಾನು. ಕೇಳಿದರೆ ಸುಳ್ಳು ಹೇಳಲು ನನ್ನಿಂದಾಗದು. ಅದನ್ನು ಈಗಲೇ ತಿಳಿಸಿಬಿಡುತ್ತೇನೆ.

ನಾನು, 9.52

ಅಕ್ಕ ಹೇಳಿದ್ದೇ ಸರಿ. ಕೇಳಿದರೆ ಒಮ್ಮೆ ಇ20 ಹಾಕಿದ್ದೇವೆಂದೇ ಹೇಳೋಣ. ಆ ಪೆಟ್ರೋಲ್ ಮೂರು ದಿನಗಳಲ್ಲಿ ಉರಿದು ಮುಗಿಯಿತು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತದ್ದು ಇ10. ಉಳಿದ ಬಿಲ್ಲುಗಳನ್ನು ಭಾವ ಕಾರ್ಡಿನ ಲೆಕ್ಕದಿಂದ ತೆಗೆದುಕೊಡಬಲ್ಲರು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ನಮ್ಮ ನಿಜವಾದ ಮಾತಿಗೂ ಬೆಲೆ ಉಳಿಯುವುದಿಲ್ಲ.

ಅಣ್ಣಾ, ಅರದ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನನಗೆ ನಿಜವಾಗಿ ಭಯ ಇರುವುದು ಅಲ್ಲಿ. ತೂತನ್ನು ಉದ್ದ ಮಾಡಿದ ಕ್ಷಣದಿಂದ ಅದು ಮಾಲೀಕರೇ ಕೆಡಿಸಿದ ಟ್ಯಾಂಕು, ಕ್ಲೇಮ್ ಅಲ್ಲಿಗೇ ಮುಗಿಯಿತು. ಅದನ್ನು ಬಿಡೋಣ. ತೂತು ಸೇರಿದ ಮಾತ್ರಕ್ಕೆ ಟ್ಯಾಂಕು ಸರಿಹೋಯಿತೇ? ಉಬ್ಬಿದ್ದು ಉದ್ದಕ್ಕೆ ಮಾತ್ರವಲ್ಲ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಸ್ವಿಚ್ಚಿನ ಅಂಚು ಟ್ಯಾಂಕಿಗೆ ತಾಗಿ ಬಣ್ಣದ ಮೇಲೆ ಉಗುರಿನಗಲದ ಗೀರು ಮೂಡಿದೆ, ಹೋದ ತಿಂಗಳು ಅದನ್ನು ನೋಡಿ ಯಾರು ಗೀಚಿದರೋ ಎಂದುಕೊಂಡಿದ್ದೆ. ಇಕ್ಕಟ್ಟಿನಲ್ಲಿ ನಿಧಾನವಾಗಿ ತಿರುಗಿಸುವಾಗ ಹ್ಯಾಂಡಲ್ ಅಲ್ಲಿ ಸಿಕ್ಕಿಕೊಂಡರೆ ಬೈಕಿನ ಸಮೇತ ಬೀಳುತ್ತೀಯೆ. ಇನ್ನೊಂದು, ಪಂಪ್ ಕೂರುವ ಬಾಯಿ ಸೊಟ್ಟಗಾದರೆ ಅದರ ಸೀಲ್ ಸುತ್ತಲೂ ಸಮನಾಗಿ ಒತ್ತಿ ಕೂರುವುದಿಲ್ಲ. ಅದರ ಕೆಳಗೇ ಬಿಸಿ ಎಂಜಿನ್ ಇದೆ. ನೀನು ಅದರ ಮೇಲೆ ಕುಳಿತು ದಿನವಿಡೀ ಓಡಿಸುತ್ತೀಯೆ ಎಂದರೆ ನನಗೆ ನಿದ್ದೆ ಬರುವುದಿಲ್ಲ.

ದೊಡ್ಡಣ್ಣ, 10.15

ಆ ಗೀರನ್ನು ಈಗ ಹೋಗಿ ನೋಡಿದೆ. ಹ್ಯಾಂಡಲ್ ತಿರುಗಿಸಿದರೆ ಸ್ವಿಚ್ಚು ಸರಿಯಾಗಿ ಅಲ್ಲಿಗೇ ಬಂದು ತಾಗುತ್ತದೆ. ಪಂಪಿನ ಸುತ್ತ ಒದ್ದೆ ಕಾಣುವುದಿಲ್ಲ, ಆದರೆ ಮೂಗು ಹತ್ತಿರ ಒಯ್ದರೆ ಪೆಟ್ರೋಲಿನ ವಾಸನೆ ಬರುತ್ತದೆ. ಶುಕ್ರವಾರ ಬಸ್ಸಿನಲ್ಲಿ ಹೋಗುತ್ತೇನೆ. ಈಗ ಏನು ಮಾಡಬೇಕು ಹೇಳು.

ನಾನು, 10.38

ಬೈಕನ್ನು ಒಲೆ, ದೀಪ ಯಾವುದೂ ಹತ್ತಿರವಿಲ್ಲದ, ಗಾಳಿಯಾಡುವ ಕಡೆ ನಿಲ್ಲಿಸು, ಓಡಿಸಬೇಡ. ಒಯ್ಯಲು ಅವರ ಗಾಡಿಯೇ ಬರಲಿ. ಟ್ಯಾಂಕನ್ನು ಬುಷ್‌ಗೆ ಸರಿಯಾಗಿ ಕೂರಿಸಿ, ಸೇರದ ತೂತಿನ ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರವಾಗಿ ಮೇಲಿನಿಂದ ಒಂದು ಫೋಟೋ ತೆಗೆ, ಓರೆಯಾಗಿ ತೆಗೆದರೆ ಅಳತೆಗೆ ಅರ್ಥವಿಲ್ಲ. ಹ್ಯಾಂಡಲ್ ತಾಗುವುದರ ಒಂದು ವಿಡಿಯೋ ಬೇಕು. ಚಾಸಿ ನಂಬರ್, ಓಡಿದ ಕಿಲೋಮೀಟರ್, ಪಿಎ6 ಎಂಬ ಗುರುತು, ಮುಚ್ಚಳದ ಸ್ಟಿಕ್ಕರ್, ಇವುಗಳ ಫೋಟೋಗಳೂ ಇರಲಿ. ಒಳಗೆ ಎಪಾಕ್ಸಿ ಲೇಪನ ಹಾಕಿಕೊಡುತ್ತೇನೆಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡ, ಉಬ್ಬಿದ ಗೋಡೆಯ ಮೇಲೆ ಅದು ಹಿಡಿಯುವುದೂ ಇಲ್ಲ.

ಅಕ್ಕಾ, ನೀನು ಇಮೇಲಿನಲ್ಲಿ ಕಳಿಸಲು ಇದನ್ನು ಬರೆದಿದ್ದೇನೆ, ತಿದ್ದಿಕೋ:

“ನನ್ನ ಹೆಸರಿನಲ್ಲಿರುವ ಬೈಕಿನ ನೈಲಾನ್ ಪೆಟ್ರೋಲ್ ಟ್ಯಾಂಕು ಹಿಗ್ಗಿದ್ದು, ಹಿಂದಿನ ಬೋಲ್ಟಿನ ತೂತು ಫ್ರೇಮಿನ ತೂತಿನಿಂದ ಸರಿದಿದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಟ್ಯಾಂಕಿಗೆ ತಾಗುತ್ತದೆ, ಪಂಪಿನ ಬಳಿ ಪೆಟ್ರೋಲಿನ ವಾಸನೆಯಿದೆ. ವಾರಂಟಿ ಅವಧಿಯಲ್ಲೇ ಈ ದೋಷವನ್ನು ತಿಳಿಸುತ್ತಿದ್ದೇನೆ. ಟ್ಯಾಂಕನ್ನು ಖಾಲಿ ಮಾಡುವ ಮೊದಲು ನಮ್ಮೆದುರಿಗೆ ಅಳತೆ ತೆಗೆದು ಜಾಬ್ ಕಾರ್ಡಿನಲ್ಲಿ ನಮೂದಿಸಬೇಕೆಂದೂ, ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದೂ ಕೋರುತ್ತೇನೆ.”

ಅಕ್ಕ, 11.02

ಕಳಿಸಿದೆ. ಇಂದಿನ ತಾರೀಖಿನ ದೂರು ಸಂಖ್ಯೆ ಬಂದಿದೆ. 19 ದಿನದ ಚಿಂತೆ ಇನ್ನಿಲ್ಲ. ಸೋಮವಾರ ಗಾಡಿ ಕಳಿಸುತ್ತಾರಂತೆ.

ಭಾವ, 11.10

ಹೊಸ ಟ್ಯಾಂಕು ಕೊಟ್ಟರೂ ಅದೇ ನೈಲಾನಿನದಾದರೆ ಎರಡು ವರ್ಷಕ್ಕೆ ಅದೂ ಉಬ್ಬುವುದಿಲ್ಲವೇ? ಬದಲಿ ಭಾಗಕ್ಕೆ ಮೂಲ ವಾರಂಟಿಯಲ್ಲಿ ಉಳಿದ ದಿನಗಳಷ್ಟೇ ಸಿಗುವುದೆಂದು ಪುಸ್ತಕದಲ್ಲಿದೆ.

ನಾನು, 11.17

ಉಬ್ಬಬಹುದು ಭಾವ. ಪ್ಲಾಸ್ಟಿಕ್ ಬದಲಾಗಿದೆಯೇ ಎಂದು ಕೇಳಬೇಕು, ಬದಲಾಗಿಲ್ಲವೆಂದರೆ ಹೊಸ ಟ್ಯಾಂಕಿಗೆ ಪ್ರತ್ಯೇಕ ವಾರಂಟಿಯನ್ನು ಬರಹದಲ್ಲಿ ಕೇಳಬೇಕು. ಕೊಡಲಿ ಬಿಡಲಿ, ಬೈಕನ್ನು ನಿಲ್ಲಿಸುವಾಗ ಖಾಲಿ ಮಾಡುವ ಕೆಲಸ ನನ್ನದು.

ದೊಡ್ಡಣ್ಣ, ಸೋಮವಾರ ಮಧ್ಯಾಹ್ನ 12.20

ಸರ್ವಿಸ್ ಸೆಂಟರಿನಿಂದ ಬರೆಯುತ್ತಿದ್ದೇನೆ. ಜಾಬ್ ಕಾರ್ಡಿನಲ್ಲಿ ಮೊದಲು “ಟ್ಯಾಂಕು ಸರಿಯಾಗಿ ಕೂರುತ್ತಿಲ್ಲ ಎಂದು ಗ್ರಾಹಕರ ಹೇಳಿಕೆ” ಎಂದಷ್ಟೇ ಬರೆದಿದ್ದರು. ನಾನು ಸಹಿ ಹಾಕಲಿಲ್ಲ. ಸ್ಕೇಲ್ ಇಟ್ಟು ಅಳೆಯಲು ಹೇಳಿದೆ. ಈಗ “ತೂತಿನ ಅಂತರ 5 ಮಿಲಿಮೀಟರ್, ಪರಿಶೀಲಿಸಲಾಗಿದೆ” ಎಂದು ಬರೆದು ಸೀಲ್ ಹಾಕಿದ್ದಾರೆ. ಯಾವ ಪೆಟ್ರೋಲ್ ಹಾಕುತ್ತೀರಿ ಎಂದು ಕೇಳಿದರು. ಇ10 ಎಂದೆ, ಒಮ್ಮೆ ಇ20 ಎಂದೂ ಹೇಳಿದೆ, ಅದನ್ನೂ ಬರೆದುಕೊಂಡರು. ಕಾರ್ಡಿನ ಫೋಟೋ ಹಾಕುತ್ತಿದ್ದೇನೆ, ಅಕ್ಕ ಅದನ್ನು ದೂರಿನ ಜೊತೆ ಸೇರಿಸಲಿ. ಬಸ್ಸಿನ ಟಿಕೆಟ್ ಮಾಡಿಸಿದ್ದೇನೆ.