ಹಾಯಿದೋಣಿಯ ಸ್ಟೀರಿಂಗ್ ಕಂಬದ ಸುತ್ತ ನೆಲ ಮೆತ್ತಗಾಗಿದೆ, ಏನು ಮಾಡುವುದು?

ಪ್ರಶ್ನೆ (ಸಾಗರದಿಂದ): ಶರಾವತಿ ಹಿನ್ನೀರಿನಲ್ಲಿ ಓಡಿಸುವ ಹಳೆಯ ಫೈಬರ್ ಹಾಯಿದೋಣಿ. ಚಕ್ರ ತಿರುಗಿಸಿದರೆ ಸ್ಟೀರಿಂಗ್ ಕಂಬವೇ ಅಲ್ಲಾಡುತ್ತದೆ. ಸುತ್ತ ಒಂದಡಿ ನೆಲ ಕಾಲಿಟ್ಟರೆ ಕುಗ್ಗುತ್ತದೆ. ಬೋಲ್ಟ್ ಬಿಗಿ ಮಾಡಿದರೆ ಸಾಕೇ?

ಉತ್ತರ: ದಯವಿಟ್ಟು ಬಿಗಿ ಮಾಡಬೇಡಿ. ಎರಡು ಫೈಬರ್ ಪದರಗಳ ನಡುವಿನ ಬಾಲ್ಸಾ (ತುಂಬಾ ಹಗುರವಾದ ಮರ) ಅಥವಾ ಪ್ಲೈವುಡ್ ಕೊಳೆತಿರುತ್ತದೆ. ಬಿಗಿ ಮಾಡಿದಷ್ಟೂ ಅದು ಜಜ್ಜಿಹೋಗಿ ನೀರಿಗೆ ಇನ್ನಷ್ಟು ದಾರಿಯಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಅಂಚಿಗೆ ಗುರುತು ಹಾಕಿ, ಚಕ್ರದಿಂದ ಚುಕ್ಕಾಣಿಗೆ ಹೋಗುವ ಕೇಬಲ್ ಸಡಿಲಿಸಿ, ಕಂಬ ಬಿಚ್ಚಿ, ಮೇಲಿನ ಪದರ ಮಾತ್ರ ಕೊಯ್ದು ಎತ್ತಿ. ಬ್ಲೇಡಿನ ಆಳ ಮೊದಲೇ ಹೊಂದಿಸಿಕೊಳ್ಳಿ, ಕೆಳಪದರ ಕೊಯ್ದರೆ ಕೆಲಸ ಎರಡರಷ್ಟು. ಒಣ, ಗಟ್ಟಿ ಮರ ಸಿಗುವವರೆಗೂ ಕೆರೆಯಿರಿ.

ಉತ್ತರ: ಮಳೆಗಾಲದಲ್ಲಿ ಮಾತ್ರ ಶುರು ಮಾಡಬೇಡಿ ಮಾರಾಯ್ರೇ, ನಮ್ಮ ಕಡೆ ಆಗ ಮರ ಒಣಗುವ ಮಾತೇ ಇಲ್ಲ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಕಂಬದ ಕೆಳಗೆ ಬಾಲ್ಸಾ ಬೇಡ. ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿನ ಮರೈನ್ ಪ್ಲೈ ಹಾಕಿ, ಅಂಚಿಗೂ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟುರಾಳ) ಕುಡಿಸಿ. ಪಾಲಿಯೆಸ್ಟರ್ ರಾಳ ಹಳೆಯ ಫೈಬರಿಗೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮೇಲ್ಪದರ 4 ಮಿ.ಮೀ. ದಪ್ಪವಿದ್ದರೆ ಅಂಚನ್ನು ಅದರ 12 ಪಟ್ಟು, ಅಂದರೆ 48 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಆಮೇಲೆ ಗಾಜಿನ ಬಟ್ಟೆ ಹೊದಿಸಿ.

ಉತ್ತರ: ಮೂಲ ತಪ್ಪು ಇರುವುದು ಬೋಲ್ಟ್ ತೂತಿನಲ್ಲಿ. 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ಕೊರೆದು, ಮಂದ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 10ರ ತೂತು ಕೊರೆಯಿರಿ. ಬೋಲ್ಟ್ ಸುತ್ತ ನೀರು ತಡೆಯಲು ಹಚ್ಚುವ ಸೀಲೆಂಟ್ ಸೋತರೂ ನೀರು ಮರಕ್ಕೆ ಮುಟ್ಟುವುದಿಲ್ಲ. ಅಡಿಗೆ ಅಗಲವಾದ ಸ್ಟೀಲ್ ಪ್ಲೇಟ್ ಕೊಡಿ. ಕೇಬಲ್ ಮತ್ತೆ ಬಿಗಿದು, ಚಕ್ರವನ್ನು ಎರಡೂ ತುದಿಗೆ ತಿರುಗಿಸಿ ನೋಡಿಯೇ ನೀರಿಗಿಳಿಸಿ.