ಹರಾಜು ಗೆದ್ದವರು ದುಡ್ಡು ಕೊಡುತ್ತಿಲ್ಲ, ಏನು ಮಾಡಲಿ?

ಹಳೇಲೆನ್ಸ್:

ಎಲ್ಲರಿಗೂ ನಮಸ್ಕಾರ. ಸುಮ್ನೆ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಕ್ಯಾಮೆರಾ ಲೆನ್ಸ್ ಒಂದನ್ನು ಈಬೇಯಲ್ಲಿ ಹರಾಜಿಗೆ ಹಾಕಿದ್ದೆ. ಕೊನೆಯ ಹೊತ್ತಿನಲ್ಲಿ ಇಬ್ಬರು ಜಿದ್ದಿಗೆ ಬಿದ್ದು ಬಿಡ್ ಏರಿಸಿದರು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೆಲೆಗೇ ಹೋಯಿತು. ಗೆದ್ದವರು ಆ ರಾತ್ರಿಯೇ "ಲೆನ್ಸ್ ಒಳಗೆ ಫಂಗಸ್ ಬೆಳೆದಿಲ್ಲ ತಾನೇ? ಚೆನ್ನಾಗಿ ಪ್ಯಾಕ್ ಮಾಡಿ" ಅಂತ ಮೆಸೇಜ್ ಹಾಕಿದರು. ನಾನೂ ಬಬಲ್ ಶೀಟ್ ಸುತ್ತಿ, ಡಬ್ಬಿಗೆ ಹಾಕಿ, ಟೇಪ್ ಹೊಡೆದು ಇಟ್ಟೆ.

ಅಲ್ಲಿಂದ ಮುಂದೆ ಬರೀ ರಾಗ. ಮೊದಲು "ನಾಳೆ ಹಾಕುತ್ತೇನೆ". ಆಮೇಲೆ "ಕಾರ್ಡ್ ಕೆಲಸ ಮಾಡುತ್ತಿಲ್ಲ". ಈಗ ಮೆಸೇಜ್ ಓದುತ್ತಾರೆ, ಉತ್ತರವೇ ಇಲ್ಲ. ಎರಡನೇ ಸ್ಥಾನದಲ್ಲಿದ್ದವರಿಗೆ ಕೊಟ್ಟುಬಿಡೋಣ ಅಂದರೆ ಇವರು ನಾಳೆ ಬಂದು ಜಗಳ ತೆಗೆದರೆ? ಕೆಟ್ಟ ರೇಟಿಂಗ್ ಕೊಟ್ಟರೆ? ಮಾರಾಟದ ಕಮಿಷನ್ ನನ್ನ ತಲೆಗೇ ಬರುತ್ತದಾ? ಅನುಭವ ಇದ್ದವರು ಹೇಳಿ.

ಡಬ್ಬಿಟೇಪು:

ಮೊದಲು ಒಂದು ಮಾತು: ಬೈದು ಮೆಸೇಜ್ ಹಾಕಬೇಡಿ. ಕೋಪ ಬರುತ್ತದೆ, ಗೊತ್ತು, ಆದರೆ ನಾಳೆ ದೂರು ಅಂತ ಹೋದರೆ ಸೈಟಿನವರು ನೋಡುವುದು ಇನ್‌ಬಾಕ್ಸ್‌ನಲ್ಲಿ ಯಾರು ಏನು ಬರೆದಿದ್ದಾರೆ ಅನ್ನುವುದನ್ನೇ. ಫೋನಿನಲ್ಲಿ ಮಾತಾಡೋಣ, ಬೇರೆ ಆ್ಯಪ್‌ಗೆ ಬನ್ನಿ ಅಂತ ಅವರು ಕರೆದರೂ ಹೋಗಬೇಡಿ.

ಒಂದೇ ಒಂದು ಮೆಸೇಜ್ ಸಾಕು: "ನಮಸ್ಕಾರ, ಲೆನ್ಸ್ ಪ್ಯಾಕ್ ಆಗಿ ಸಿದ್ಧವಾಗಿದೆ. ನಾಳೆ ಸಂಜೆಯೊಳಗೆ ಹಣ ಬಂದರೆ ಮಾರನೇ ದಿನವೇ ಕಳಿಸುತ್ತೇನೆ. ಬರದಿದ್ದರೆ ಆರ್ಡರ್ ರದ್ದು ಮಾಡುತ್ತೇನೆ." ಅಷ್ಟೇ. "ದಯವಿಟ್ಟು", "ಪ್ಲೀಸ್ ಸರ್" ಅಂತೆಲ್ಲ ಬೇಡ. ನೀವು ಸಾಲ ಕೇಳುತ್ತಿಲ್ಲವಲ್ಲ.

ರಾತ್ರಿಬಿಡ್ಡರ್:

ನಿಯಮದ ವಿಷಯ ನಾನು ಹೇಳುತ್ತೇನೆ. ಈಬೇಯಲ್ಲಿ ಕೊಳ್ಳುವವರಿಗೆ ಹಣ ಕೊಡಲು 4 ದಿನ ಟೈಮ್ ಇರುತ್ತದೆ. ಅದು ಮುಗಿದ ಮೇಲೆ "ಕೊಂಡವರು ಹಣ ಕೊಟ್ಟಿಲ್ಲ" ಅನ್ನುವ ಕಾರಣ ಆರಿಸಿ ನೀವೇ ಕ್ಯಾನ್ಸಲ್ ಮಾಡಬಹುದು. ಹಾಗೆ ಮಾಡಿದರೆ ಮಾರಾಟದ ಕಮಿಷನ್ ವಾಪಸ್ ಜಮಾ ಆಗುತ್ತದೆ, ಆ ಮನುಷ್ಯನ ಖಾತೆಯ ಮೇಲೂ ದಾಖಲಾಗುತ್ತದೆ.

ಎಲ್ಲರೂ ಎಡವುವುದು ಈ ಕಾರಣದ ಜಾಗದಲ್ಲೇ. "ಪಾಪ, ಏನೋ ಕಷ್ಟ ಇರಬಹುದು" ಅಂತ "ಕೊಂಡವರೇ ಕೇಳಿಕೊಂಡರು" ಅನ್ನುವುದನ್ನು ಒತ್ತಿಬಿಡುತ್ತಾರೆ. ಆಗ ಅವರ ಖಾತೆ ಕ್ಲೀನ್, ನಾಳೆ ಇನ್ನೊಬ್ಬರನ್ನು ಸತಾಯಿಸಬಹುದು. ಇನ್ನೂ ಕೆಲವರು "ವಸ್ತು ಸ್ಟಾಕ್ ಇಲ್ಲ" ಅಂತ ಹಾಕುತ್ತಾರೆ. ಅದಂತೂ ಮಾರುವವರ ತಪ್ಪು ಅಂತಲೇ ಲೆಕ್ಕ. ನಿಮ್ಮ ಖಾತೆಗೇ ಕಪ್ಪು ಚುಕ್ಕೆ.

ರೇಟಿಂಗ್ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. 2008ರಿಂದ ಅಲ್ಲಿ ಮಾರುವವರು ಕೊಳ್ಳುವವರಿಗೆ ಕೆಟ್ಟ ರೇಟಿಂಗ್ ಕೊಡುವ ಹಾಗಿಲ್ಲ, ಆಟ ಒಂದೇ ಕಡೆಗೆ ವಾಲಿದೆ ಅಂತ ಮಾರುವವರ ಹಳೇ ಗೊಣಗಾಟ. ಹಾಗಾಗಿ ನಿಮ್ಮ ಕೈಲಿರುವ ಅಸ್ತ್ರ ಆ ಕಾರಣದ ಬಟನ್ ಒಂದೇ, ಅದನ್ನು ಸರಿಯಾಗಿ ಬಳಸಿ.

ಹೊಸಬಳು:

ಎಲ್ಲರೂ ಮೋಸಗಾರರೇ ಇರಲ್ಲ ಅಲ್ವಾ? ಬಿಡ್ ಅಂದರೆ ಕೊಳ್ಳುತ್ತೇನೆ ಅಂತ ಮಾತು ಕೊಟ್ಟ ಹಾಗೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಸುಮ್ನೆ ಲೈಕ್ ಒತ್ತಿದ ಹಾಗೆ ಒತ್ತಿರುತ್ತಾರೆ. ಗೆದ್ದ ಮೇಲೆ ಸಾಗಣೆ ಖರ್ಚು ನೋಡಿ ಗಾಬರಿಯಾಗುತ್ತದೆ, ಬೇಡ ಅಂತ ಹೇಳಲು ಮುಜುಗರ, ಅದಕ್ಕೇ ಮೌನ. "ಬೇಡವಾಗಿದ್ದರೆ ನೇರವಾಗಿ ಹೇಳಿ, ಬೇಜಾರಿಲ್ಲ" ಅಂತ ಒಂದು ಸಾಲು ಬರೆದು ನೋಡಿ. ಹಾಗೆ ಬರೆದಾಗ ತಕ್ಷಣ ಉತ್ತರ ಬಂದದ್ದನ್ನು ನಾನು ನೋಡಿದ್ದೇನೆ.

ರಾತ್ರಿಬಿಡ್ಡರ್:

@ಹೊಸಬಳು ಒಪ್ಪಿದೆ. ಆದರೆ ಫಂಗಸ್ ಇದೆಯಾ ಅಂತ ಕೇಳುವವರು ಲೆನ್ಸ್ ವಿಷಯದಲ್ಲಿ ಹೊಸಬರಲ್ಲ. ಇವರು ಬೇರೆ ಕಡೆ ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದಾ ಅಂತ ಹುಡುಕುತ್ತಿದ್ದಾರೆ ಅಂತ ನನ್ನ ಅನುಮಾನ.

ಹಳೇಲೆನ್ಸ್:

ಡಬ್ಬಿಟೇಪು ಅವರು ಹೇಳಿದ ಮೆಸೇಜ್ ಹಾಕಿದೆ. ಈಗ ಉತ್ತರ ಬಂತು, ಆದರೆ ವಿಚಿತ್ರವಾಗಿದೆ. "ಹಣ ಕಳಿಸಿದ್ದೇನೆ, ಸ್ಕ್ರೀನ್‌ಶಾಟ್ ನೋಡಿ. ಪಾರ್ಸೆಲ್ ಕಳಿಸಿ ಟ್ರ್ಯಾಕಿಂಗ್ ನಂಬರ್ ಕೊಟ್ಟರೆ ಹಣ ನಿಮ್ಮ ಖಾತೆಗೆ ಬಿಡುಗಡೆ ಆಗುತ್ತದೆ. ವಿಳಾಸ ಮಾತ್ರ ಬೇರೆ, ನನ್ನ ತಮ್ಮನ ಮನೆಗೆ ಕಳಿಸಿ." ಆರ್ಡರ್ ಪೇಜಿನಲ್ಲಿ ಇನ್ನೂ ಹಣ ಬಂದಿಲ್ಲ ಅಂತಲೇ ತೋರಿಸುತ್ತಿದೆ. ಸ್ಕ್ರೀನ್‌ಶಾಟ್‌ನಲ್ಲಿ ಮೊತ್ತ ಸರಿಯಾಗಿದೆ, ಆದರೆ ಅಂಕಿಗಳ ಅಕ್ಷರ ಒಂಥರಾ ದಪ್ಪ, ಸುತ್ತಲಿನ ಅಕ್ಷರ ತೆಳು.

ಡಬ್ಬಿಟೇಪು:

ಕಳಿಸಬೇಡಿ!! ಡಬ್ಬಿ ಮುಟ್ಟಲೇಬೇಡಿ.

ಇದು ತುಂಬಾ ಹಳೆಯ ಆಟ. ಸ್ಕ್ರೀನ್‌ಶಾಟ್ ಹಣವಲ್ಲ, "ಹಣ ಬಂದಿದೆ" ಅನ್ನುವ ಇಮೇಲ್ ಕೂಡ ಹಣವಲ್ಲ. ಇಮೇಲ್ ಬಂದರೆ ಅದರೊಳಗಿನ ಲಿಂಕ್ ಒತ್ತದೆ, ನೀವೇ ಸೈಟಿಗೆ ಲಾಗಿನ್ ಆಗಿ ನೋಡಿ. ಅಲ್ಲಿ ಬಂದಿದ್ದರೆ ಬಂದಿದೆ, ಇಲ್ಲದಿದ್ದರೆ ಇಲ್ಲ.

ವಿಳಾಸ ಬದಲಿಸುವುದು ಇನ್ನೊಂದು ಬಲೆ. ನಿಜವಾಗಿ ದುಡ್ಡು ಬಂದರೂ, ಆರ್ಡರ್‌ನಲ್ಲಿರುವ ವಿಳಾಸ ಬಿಟ್ಟು ಬೇರೆ ಕಡೆ ಕಳಿಸಿದರೆ ಮಾರುವವರಿಗೆ ಸಿಗುವ ರಕ್ಷಣೆ ಹೋಗುತ್ತದೆ. "ನನಗೆ ಪಾರ್ಸೆಲ್ ಬಂದೇ ಇಲ್ಲ" ಅಂತ ಅವರು ಹಣ ವಾಪಸ್ ಕೇಳಿದರೆ ನಿಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಲೆನ್ಸೂ ಹೋಯಿತು, ದುಡ್ಡೂ ಹೋಯಿತು. ಇನ್ನು "ತಪ್ಪಿ ಜಾಸ್ತಿ ಕಳಿಸಿದ್ದೇನೆ, ಉಳಿದದ್ದು ವಾಪಸ್ ಹಾಕಿ" ಅಂದರಂತೂ ಮಾತೇ ಬೇಡ. ಆ ಮೊದಲ ಪಾವತಿ ಆಮೇಲೆ ರದ್ದಾಗುತ್ತದೆ, ನೀವು ಹಾಕಿದ ದುಡ್ಡು ಮಾತ್ರ ಅಸಲಿ.

ಆ ಮೆಸೇಜ್ ಅಳಿಸದೆ ಸೈಟಿಗೆ ರಿಪೋರ್ಟ್ ಮಾಡಿ.

ಹೊಸಬಳು:

ಛೆ. ನಾನು ಮೇಲೆ ಹೇಳಿದ್ದು ಈ ಮಹಾಶಯರಿಗೆ ಅನ್ವಯಿಸಲ್ಲ ಬಿಡಿ.

ಹಳೇಲೆನ್ಸ್:

ರಿಪೋರ್ಟ್ ಮಾಡಿದೆ. 4 ದಿನ ಆಗಲೇ ಕಳೆದಿತ್ತು, ಸರಿಯಾದ ಕಾರಣ ಹಾಕಿಯೇ ಕ್ಯಾನ್ಸಲ್ ಮಾಡಿದೆ. ಈಗ ಎರಡನೆಯವರಿಗೆ ಕೇಳಲಾ, ಮತ್ತೆ ಹರಾಜಿಗೆ ಹಾಕಲಾ?

ರಾತ್ರಿಬಿಡ್ಡರ್:

ಕೇಳಿ ನೋಡಿ. ಈಬೇಯಲ್ಲೇ ಅದಕ್ಕೆ "ಸೆಕೆಂಡ್ ಚಾನ್ಸ್ ಆಫರ್" ಅಂತ ಇದೆ, ಅವರು ಹಾಕಿದ್ದ ಅತಿ ಹೆಚ್ಚಿನ ಬಿಡ್ ಬೆಲೆಗೆ ಹೋಗುತ್ತದೆ. ಆದರೆ ಅವರು ಒಪ್ಪದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಅಷ್ಟು ಮೇಲೆ ಏರಿದ್ದೇ ಈ ದುಡ್ಡು ಕೊಡದ ಗಿರಾಕಿ ಎದುರಿಗಿದ್ದ ಅಂತ. ಆಫರ್ ಕೈಗೆ ಬಂದಾಗ "ಮಾರುವವನೇ ಬೇರೆ ಖಾತೆಯಿಂದ ಬೆಲೆ ಏರಿಸಿದನಾ?" ಅಂತ ಅನುಮಾನ ಬರುವುದೂ ಸಹಜ, ನಾನಾದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅವರು ಬೇಡ ಅಂದರೆ ಹರಾಜು ಬೇಡ. ಬೆಲೆ ಫಿಕ್ಸ್ ಮಾಡಿ, ತಕ್ಷಣ ಪಾವತಿ ಕಡ್ಡಾಯ ಅನ್ನುವ ಆಯ್ಕೆ ಆನ್ ಮಾಡಿ ಹಾಕಿ. ದುಡ್ಡು ಬರುವ ತನಕ ಯಾರೂ ಕೊಂಡ ಹಾಗೆ ಆಗುವುದಿಲ್ಲ, ಲಿಸ್ಟಿಂಗ್ ಉಳಿದವರಿಗೂ ತೆರೆದೇ ಇರುತ್ತದೆ. ಹರಾಜಿನ ಮಜಾ ಇಲ್ಲ, ಬೆಲೆ ಸ್ವಲ್ಪ ಕಡಿಮೆ ಬಂದರೂ ಬರಬಹುದು. ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ, ಹಿಂದೆ ಹಣ ಕೊಡದೆ ಆರ್ಡರ್ ರದ್ದಾದ ಖಾತೆಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ಇವರ ಹೆಸರನ್ನು ಬ್ಲಾಕ್ ಲಿಸ್ಟ್‌ಗೆ ಬೇರೆಯಾಗಿ ಸೇರಿಸಿ, ಇಲ್ಲದಿದ್ದರೆ ಹೊಸ ಲಿಸ್ಟಿಂಗ್‌ಗೂ ಮತ್ತೆ ಇವರೇ ಬರಬಹುದು.